ಬಿಸಿಬೇಳೆಬಾತಿನ ಪಕ್ಕದಲ್ಲಿ ಏನಿರಬೇಕು?

ಕೆಲವು ವರ್ಷಗಳ ಹಿಂದೆ ಮುಂಬೈಯ ಮುಲುಂಡಿನ ನಮ್ಮ ಮನೆಗೆ ಹತ್ತು ಮಂದಿಯನ್ನು ರಾತ್ರಿ ಊಟಕ್ಕೆ ಕರೆದಿದ್ದೆ. ಬಿಸಿಬೇಳೆಬಾತ್, ಬದನೆಕಾಯಿ ಗೊಜ್ಜು, ಟೊಮೆಟೊ ಸಾರು, ಆಲೂಗಡ್ಡೆ ಸಾಗು ಮಾಡಿದ್ದೆ. ಒಂದೊಂದನ್ನೂ ಬೇರೆ ಬೇರೆಯಾಗಿ ತಿಂದರೆ ರುಚಿಯೇ. ಬಡಿಸಿದ ಮೇಲೆ ತಟ್ಟೆ ನೋಡಿದರೆ ಎಲ್ಲವೂ ಮೆತ್ತಗೆ, ಎಲ್ಲವೂ ಕೆಂಪು ಕಂದು ಬಣ್ಣ, ಮೂರರಲ್ಲಿ ಹುಣಸೆಹುಳಿ. ಪಕ್ಕದ ಮನೆಯ ಮರಾಠಿ ಅಜ್ಜಿ ನಾಲ್ಕು ತುತ್ತು ತಿಂದು, ಸುತ್ತ ನೋಡಿ, ‘ಕಾಕಡಿ ಆಹೇ ಕಾ?’ ಎಂದು ಮೆಲ್ಲನೆ ಕೇಳಿದರು. ಎರಡು ಸೌತೆಕಾಯಿ ಹೆಚ್ಚಿ ಉಪ್ಪು ಉದುರಿಸಿ ತಂದಿಟ್ಟೆ. ಆ ರಾತ್ರಿ ಮೊದಲು ಖಾಲಿಯಾದದ್ದು ಆ ಬಟ್ಟಲು.

ಅಂದಿನಿಂದ ನೆಂಚಿಕೊಳ್ಳುವ ಪದಾರ್ಥಗಳನ್ನು ನಾನು ಕೊನೆಗೆ ಬಿಡುವುದಿಲ್ಲ.

ಮೊದಲು ಚೀಟಿ ಬರೆಯಿರಿ

ಮುಖ್ಯ ಅಡುಗೆಯ ಹೆಸರು ಬರೆದು, ಅದರಲ್ಲಿ ಏನಿದೆ ಎಂದು ಕೆಳಗೆ ಗುರುತು ಹಾಕಿಕೊಳ್ಳಿ. ಬಿಸಿಬೇಳೆಬಾತ್ ಎಂದರೆ ಬಿಸಿ, ಮೆತ್ತಗೆ, ಹುಳಿ, ಖಾರ, ತುಪ್ಪದ ಜಿಡ್ಡು, ಹೊಟ್ಟೆಗೆ ಭಾರ. ಹಾಗಾದರೆ ಇಲ್ಲದಿರುವುದು ತಂಪು, ಗರಿಗರಿ, ಹಸಿರು. ಇಷ್ಟು ಬರೆದ ಮೇಲೆ ಸಾಗು, ಗೊಜ್ಜು ತಾವಾಗಿಯೇ ಚೀಟಿಯಿಂದ ಹೊರಗೆ ಹೋಗುತ್ತವೆ. ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡುವವರಿಗೆ ಲೆಕ್ಕ ಬೇರೆ: ಹಸಿ ಈರುಳ್ಳಿ, ಹಸಿ ಮೆಂತ್ಯ ಸೊಪ್ಪು, ಗಟ್ಟಿ ಮೊಸರು, ಶೇಂಗಾ ಚಟ್ನಿಪುಡಿ ಸಾಕು. ವಾಂಗಿಬಾತಿನಂಥ ಉದುರುದುರಾದ ಅನ್ನಕ್ಕೆ ಮಾತ್ರ ರಸವಿರುವುದು ಏನಾದರೂ ಬೇಕು.

ಮರಾಠಿ ಮನೆಗಳಲ್ಲಿ ತಾಟಿಗೆ ‘ಡಾವಿ ಬಾಜು’, ‘ಉಜವಿ ಬಾಜು’ ಎಂದು ಎರಡು ಪಕ್ಕಗಳಿವೆ. ಎಡಕ್ಕೆ ಉಪ್ಪು, ನಿಂಬೆ, ಚಟ್ನಿ, ಉಪ್ಪಿನಕಾಯಿ, ಕೋಶಿಂಬೀರ್. ಬಲಕ್ಕೆ ಪಲ್ಯ, ಆಮ್ಟಿ ಎಂಬ ಬೇಳೆಸಾರು. ಎಡದ್ದು ಚಮಚದಷ್ಟು, ಬಲದ್ದು ಬಟ್ಟಲಿನಷ್ಟು. ನಮ್ಮ ಬಾಳೆಲೆಯಲ್ಲೂ ಇದೇ ಬುದ್ಧಿ ಇದೆ. ಅನುಮಾನವಿದ್ದವರು ಮಾಟುಂಗಾದಲ್ಲಿ 1942ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಒಂದು ಎಲೆ ಊಟ ಮಾಡಿ ಬನ್ನಿ. ಮನೆಗೆ ನಾಲ್ಕು ಮಂದಿ ಬರುತ್ತಾರೆಂದರೆ ನಾವು ಬಲಗಡೆಗೇ ಮೈಮುರಿದು ದುಡಿಯುತ್ತೇವೆ. ಎಡಗಡೆಗೆ ಅಂಗಡಿಯ ಉಪ್ಪಿನಕಾಯಿ ಬಾಟಲಿ. ನನ್ನ ಲೆಕ್ಕ ಇಷ್ಟು: ಎಡಕ್ಕೆ ಎರಡು, ಬಲಕ್ಕೆ ಒಂದು, ಜೊತೆಗೆ ಗರಿಗರಿಯಾದದ್ದು ಒಂದು. ಅದಕ್ಕಿಂತ ಹೆಚ್ಚು ಮಾಡಿದರೆ ಉಳಿದದ್ದನ್ನು ಮರುದಿನ ನೀವೇ ತಿನ್ನಬೇಕು.

ಯಾರು ಬರುತ್ತಾರೆ?

ಮುಂಬೈಯಲ್ಲಿ ‘ಸಸ್ಯಾಹಾರಿ’ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಜೈನ ಸ್ನೇಹಿತರಿದ್ದರೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಯಷ್ಟೇ ಅಲ್ಲದೆ ಕ್ಯಾರೆಟ್, ಮೂಲಂಗಿ, ಹಸಿ ಶುಂಠಿಯೂ ಆಗುವುದಿಲ್ಲ. ಬದನೆಕಾಯಿಯನ್ನೂ ಹಲವರು ಮುಟ್ಟುವುದಿಲ್ಲ. ಚಾತುರ್ಮಾಸದಲ್ಲಿ ಸೊಪ್ಪನ್ನೂ ಬಿಡುತ್ತಾರೆ. ನಮಗೆ ಸುಲಭವಾಗಿ ಹೊಳೆಯದ ಸಂಗತಿ ಇನ್ನೊಂದಿದೆ: ಕಟ್ಟುನಿಟ್ಟಾಗಿ ನಡೆಯುವವರು ಕಾಯಿಸದ ಮೊಸರನ್ನು ಬೇಳೆಯ ಜೊತೆ ತಿನ್ನುವುದಿಲ್ಲ, ಅದನ್ನು ‘ದ್ವಿದಳ’ ಎನ್ನುತ್ತಾರೆ. ಹಾಗಾಗಿ ತೊಗರಿಬೇಳೆಯ ಬಾತಿಗೆ ಮೊಸರುಬಜ್ಜಿ ಎಂಬ ನಮ್ಮ ಹಳೆಯ ಜೋಡಿ ಅವರಿಗೆ ಒಗ್ಗದು. ಮೊಸರನ್ನು ಯಾವುದಕ್ಕೂ ಬೆರೆಸದೆ ಬೇರೆ ಬಟ್ಟಲಿನಲ್ಲಿಡಿ, ಬೇಕಾದವರು ಹಾಕಿಕೊಳ್ಳಲಿ. ಸೂರ್ಯಾಸ್ತದ ನಂತರ ಉಣ್ಣದವರೂ ಇರುತ್ತಾರೆ. ಇಲ್ಲಿ ಡಿಸೆಂಬರಿನಲ್ಲಿ ಆರು ಗಂಟೆಯ ಸುಮಾರಿಗೆ, ಜೂನಿನಲ್ಲಿ ಏಳೂಕಾಲಿನ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಕರೆಯುವಾಗಲೇ ಕೇಳಿಬಿಡುವುದು ವಾಸಿ.

ಒಲೆ ಎಷ್ಟು, ಕೈ ಎಷ್ಟು

ನಮ್ಮ ಅಡುಗೆಮನೆಯಲ್ಲಿ ಎರಡು ಉರಿಗಳ ಒಲೆ, ಒಬ್ಬರು ನಿಂತರೆ ಇನ್ನೊಬ್ಬರು ತಿರುಗಲಾರರು. ಆದ್ದರಿಂದ ಬಿಸಿಯಾಗಿ ಬಡಿಸಬೇಕಾದ ಪಕ್ಕದ ಪದಾರ್ಥ ಒಂದೇ ಇರಲಿ. ನಾನು ತೊಂಡೆಕಾಯಿ ಪಲ್ಯವನ್ನು ಆರಿಸುತ್ತೇನೆ. ‘ತೊಂಡ್ಲಿ’ ಎಂದು ಕೇಳಿದರೆ ಯಾವ ಗಾಡಿಯಲ್ಲೂ ಸಿಗುತ್ತದೆ. ಹತ್ತು ಮಂದಿಗೆ ಒಂದು ಕಿಲೋ ಸಾಕು. ಉದ್ದುದ್ದಕ್ಕೆ ತೆಳ್ಳಗೆ ಸೀಳಿ, ನೀರು ಹಾಕದೆ ಎಣ್ಣೆಯಲ್ಲೇ ಮುಚ್ಚಿ ಬೇಯಿಸಿ, ಆಮೇಲೆ ಮುಚ್ಚಳ ತೆಗೆದು ಅಂಚು ಕೆಂಪಾಗುವವರೆಗೆ ಹುರಿಯಿರಿ. ಕಾಯಿತುರಿ ಕೊನೆಗೆ.

ಕೋಸಂಬರಿಯ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಸುಲಭವೆಂದು ಉದಾಸೀನ ಮಾಡಿ ಕೆಡಿಸುವವರೇ ಹೆಚ್ಚು. ಕಾಲು ಕಿಲೋ ಹೆಸರುಬೇಳೆಯನ್ನು ಮುಕ್ಕಾಲು ಗಂಟೆ ನೆನೆಸಿ. ಒಂದು ಬೇಳೆಯನ್ನು ಉಗುರಿನಿಂದ ಒತ್ತಿ ನೋಡಿ: ಸಲೀಸಾಗಿ ತುಂಡಾಗಬೇಕು, ಹಿಟ್ಟಾಗಬಾರದು. ತೂತಿನ ಪಾತ್ರೆಗೆ ಸುರಿದು ನೀರೆಲ್ಲ ಬಸಿಯಲು ಹದಿನೈದು ನಿಮಿಷ ಬಿಡಿ. ನಾಲ್ಕು ಸೌತೆಕಾಯಿಗಳ ತುದಿ ಕತ್ತರಿಸಿ, ಚೂರು ತಿಂದು ಕಹಿಯಿಲ್ಲವೆಂದು ಖಾತ್ರಿ ಮಾಡಿಕೊಂಡು ಸಣ್ಣಗೆ ಹೆಚ್ಚಿ. ಕಾಯಿತುರಿ, ಹಸಿಮೆಣಸಿನಕಾಯಿ, ಸಾಸಿವೆ ಇಂಗಿನ ಒಗ್ಗರಣೆ ಮೊದಲೇ ಬೆರೆಸಿಡಬಹುದು. ಉಪ್ಪು ಮತ್ತು ನಿಂಬೆರಸ ಮಾತ್ರ ಎಲ್ಲರೂ ಕುಳಿತ ಮೇಲೆ. ಉಪ್ಪು ಬಿದ್ದ ಕ್ಷಣದಿಂದ ಸೌತೆಕಾಯಿ ನೀರು ಬಿಡಲು ಶುರು ಮಾಡುತ್ತದೆ; ಅರ್ಧ ಗಂಟೆ ಬಿಟ್ಟರೆ ಬಟ್ಟಲಿನ ತಳದಲ್ಲಿ ಕೆರೆ.

ಎಡಗಡೆಯ ಎರಡನೆಯದಕ್ಕೆ ಮಾವಿನಕಾಯಿ ಕಾಲದಲ್ಲಿ ಉಪ್ಪು ಖಾರ ಹಚ್ಚಿದ ಹೋಳುಗಳು, ಉಳಿದ ಕಾಲದಲ್ಲಿ ನಿಂಬೆ ಉಪ್ಪಿನಕಾಯಿ. ಇದಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ.

ಗರಿಗರಿಗೆ ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸು ಯಾವುದೂ ಆದೀತು. ಮಾಟುಂಗಾ ಸ್ಟೇಷನ್ನಿನ ಹತ್ತಿರದ ಮಾರುಕಟ್ಟೆಗೆ ಹೋದರೆ ಬಾಳೆಲೆಯನ್ನೂ ಒಟ್ಟಿಗೇ ತರಬಹುದು. ಆದರೆ ಜುಲೈ ತಿಂಗಳ ಮುಂಬೈ ಗಾಳಿಯಲ್ಲಿ ಕರಿದ ಹಪ್ಪಳ ಅತಿಥಿಗಳು ಚಪ್ಪಲಿ ಬಿಡುವಷ್ಟರಲ್ಲಿ ಮೆತ್ತಗಾಗುತ್ತದೆ. ಮಧ್ಯಾಹ್ನವೇ ಕರಿದು, ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ, ಊಟಕ್ಕೆ ಕುಳಿತಾಗಲೇ ತೆಗೆಯಿರಿ. ಬಿಸಿ ಇರುವಾಗ ಮುಚ್ಚಿದರೆ ಒಳಗಿನ ಹಬೆಯೇ ಅದನ್ನು ಕೆಡಿಸುತ್ತದೆ.

ಬಾತ್ ನಿಂತಷ್ಟೂ ಗಟ್ಟಿಯಾಗುವುದರಿಂದ ಇನ್ನೊಂದು ಉರಿಯ ಮೇಲೆ ಬಿಸಿನೀರು ಸದಾ ಇರಲಿ. ಇನ್ನು ‘ನಾನೇನು ತರಲಿ?’ ಎಂದು ಫೋನಿನಲ್ಲಿ ಕೇಳುವವರು ಇದ್ದೇ ಇರುತ್ತಾರೆ. ‘ಏನೂ ಬೇಡ’ ಎಂದರೆ ಪನೀರ್ ಮಸಾಲೆ ಮಾಡಿಕೊಂಡು ಬಂದು ನಿಮ್ಮ ಚೀಟಿಯನ್ನೆಲ್ಲ ತಲೆಕೆಳಗು ಮಾಡುತ್ತಾರೆ. ಒಂದೂವರೆ ಕಿಲೋ ಮೊಸರು ತನ್ನಿ ಎಂದು ಹೇಳಿಬಿಡಿ.