ಫರ್ಸಿ ಹಾಸಿದ ಗೂಡು

ವಿಜಯಪುರದಲ್ಲಿ ಜನ ಊರು ಬಿಡುವುದು ಏಪ್ರಿಲ್, ಮೇ ತಿಂಗಳಲ್ಲಿ. ಮಕ್ಕಳಿಗೆ ರಜೆ, ತವರುಮನೆ, ಮದುವೆ. ಬಿಸಿಲು 40 ಡಿಗ್ರಿ ದಾಟುವುದೂ ಆಗಲೇ, ಅವರು ಮರಳುವವರೆಗೆ ನೋಡಿಕೊಳ್ಳಲೆಂದು ಅವರ ಮೊಲಗಳು ನನ್ನ ಮನೆಗೆ ಬರುವುದೂ ಆಗಲೇ. ಮೊಲ ಬೆವರಿ ಮೈ ತಂಪು ಮಾಡಿಕೊಳ್ಳಲಾರದು. ಶಾಖ ಹೊರಹೋಗಬೇಕಾದದ್ದು ಹೆಚ್ಚಾಗಿ ಕಿವಿಯಿಂದ. 30 ಡಿಗ್ರಿಗೇ ಅದಕ್ಕೆ ಕಷ್ಟ. ಇದೆಲ್ಲ ಗೂಡು ಕಟ್ಟುವ ಮೊದಲೇ ಹೊಳೆಯಬೇಕಿತ್ತು. ನನಗೆ ಹೊಳೆದದ್ದು ಎರಡನೆಯ ಗೂಡಿನ ಹೊತ್ತಿಗೆ.

ಮೊದಲನೆಯದನ್ನು ಜಾಗ ಉಳಿಯಲೆಂದು ಎರಡು ಅಂತಸ್ತು ಮಾಡಿಸಿ ಹೊಸದಾಗಿ ಕಟ್ಟಿದ ಸ್ಲ್ಯಾಬಿನ ಕೋಣೆಯಲ್ಲಿ ನಿಲ್ಲಿಸಿದ್ದೆ. ತಳಕ್ಕೂ ತಂತಿ ಜಾಳಿಗೆ. ಹಿಕ್ಕೆ ತಾನಾಗಿ ಕೆಳಗೆ ಬೀಳಲಿ, ಗುಡಿಸುವುದು ತಪ್ಪಲಿ ಎಂಬ ಜಾಣತನ. ಕೆಲವೇ ದಿನಗಳಲ್ಲಿ ನೆರೆಮನೆಯವರ ಬಿಳಿ ಮೊಲದ ಹಿಂಗಾಲಿನ ಅಡಿ ಕೂದಲುದುರಿ ಕೆಂಪಾಯಿತು. ನಾಯಿ, ಬೆಕ್ಕಿಗಿರುವಂತೆ ಮೊಲದ ಪಾದಕ್ಕೆ ಮೆತ್ತೆ ಇರುವುದಿಲ್ಲ, ಕೂದಲೇ ರಕ್ಷೆ. ಮೇಲಿನ ಅಂತಸ್ತಿನಲ್ಲಿ ಉಷ್ಣಮಾಪಕ ಇಟ್ಟರೆ ಕೆಳಗಿನದಕ್ಕಿಂತ ಎರಡು ಮೂರು ಡಿಗ್ರಿ ಹೆಚ್ಚು. ಅಲ್ಲಿದ್ದ ಗಿನಿ ಪಿಗ್ ಮಧ್ಯಾಹ್ನವೆಲ್ಲ ಮೇವು ಮುಟ್ಟದೆ ಬಿದ್ದುಕೊಂಡಿತ್ತು. ಅವತ್ತೇ ಕೆಳಗಿಳಿಸಿದೆ. ಮರುವಾರ ಗೂಡನ್ನೇ ಕಳಚಿಸಿದೆ.

ಎರಡನೆಯದಕ್ಕೆ ಆರಿಸಿಕೊಂಡದ್ದು ಮನೆಯ ಹಳೆಯ ಭಾಗ. ಬಾಗಿಲು ದಾಟಿದೊಡನೆ, ಅಜ್ಜನ ಕಾಲದಲ್ಲಿ ಎತ್ತು ಕಟ್ಟುತ್ತಿದ್ದ ಜಾಗ. ಎರಡು ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಗೋದಲಿಯ ಪಕ್ಕದಲ್ಲಿ ಸಾಲಾಗಿ ನಾಲ್ಕು ಖಾನೆಗಳು. ಪ್ರತಿಯೊಂದೂ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ. ನಡುವೆ ಜಾಳಿಗೆಯಲ್ಲ, ಪ್ಲೈವುಡ್. ಪರಿಚಯವಿಲ್ಲದ ಎರಡು ಮೊಲಗಳು ಮುಖ ನೋಡಿಕೊಂಡರೆ ರಾತ್ರಿಯಿಡೀ ಕಾಲು ಬಡಿಯುತ್ತವೆ. ಒಂದೇ ಮನೆಯ ಜೋಡಿ ಬಂದರೆ ನಡುವಿನ ಹಲಗೆಯನ್ನು ಎಳೆದು ತೆಗೆಯುತ್ತೇನೆ, ಎಂಟು ಅಡಿ ಸಿಗುತ್ತದೆ. ಅಷ್ಟಿದ್ದರೂ ಬೆಳಿಗ್ಗೆ ಸಂಜೆ ಪಡಸಾಲೆಯಲ್ಲಿ ಓಡಾಡಲು ಬಿಡಲೇಬೇಕು.

ತಳಕ್ಕೆ ಹನ್ನೆರಡು ಮಿಲಿಮೀಟರ್ ಪ್ಲೈವುಡ್, ಅದರ ಮೇಲೆ ವಿನೈಲ್ ಹಾಳೆ. ಹಾಳೆಯ ಅಂಚು ಹಲ್ಲಿಗೆ ಸಿಕ್ಕರೆ ಮುಗಿಯಿತು, ಆದ್ದರಿಂದ ಸುತ್ತ ಮರದ ಪಟ್ಟಿ ಹೊಡೆಸಿದೆ. ಒಂದು ಮೂಲೆಯಲ್ಲಿ ಶಹಾಬಾದ್ ಫರ್ಸಿಯ, ಎಂದರೆ ನೆಲಕ್ಕೆ ಹಾಸುವ ಚಪ್ಪಡಿ ಕಲ್ಲಿನ ತುಂಡು, ಅಂಚು ಉಜ್ಜಿ ನುಣುಪು ಮಾಡಿದ್ದು. ಮನೆ ಕಟ್ಟಿಸಿದಾಗ ಉಳಿದು ಹಿತ್ತಿಲಲ್ಲಿ ಬಿದ್ದಿತ್ತು. ಒದ್ದೆ ಬಟ್ಟೆಯಿಂದ ಒರೆಸಿಟ್ಟರೆ ಮೊಲಗಳು ಹೊಟ್ಟೆ ಅಂಟಿಸಿ ಅಲ್ಲೇ ಮಲಗುತ್ತವೆ. ಇಡೀ ಗೂಡಿನಲ್ಲಿ ನಾನು ಹೆಮ್ಮೆಪಡುವ ಭಾಗ ಇದೊಂದೇ, ಅದಕ್ಕೆ ಖರ್ಚೂ ಆಗಲಿಲ್ಲ. ಮೊಲದ ಮೂತ್ರದ ಬಿಳಿ ಪೊರೆಯನ್ನು ವಿನೈಲ್‌ನಿಂದ ತೆಗೆಯಲು ವಿನೆಗರ್ ಸಾಕು. ಫರ್ಸಿಗೆ ಮಾತ್ರ ಹಚ್ಚಬೇಡಿ. ಅದು ಸುಣ್ಣದ ಕಲ್ಲು, ಹುಳಿ ತಾಗಿದರೆ ಕರಗಿ ಮಚ್ಚೆ ಬೀಳುತ್ತದೆ. ನನ್ನದೊಂದು ತುಂಡು ಹಾಗೆಯೇ ಕೆಟ್ಟಿತು.

ಬಾಗಿಲಿನ ವಿಷಯದಲ್ಲಿ ಬಡಿಗೇರ ಕಾಕಾ ಒಪ್ಪಲೇ ಇಲ್ಲ. "ಪೆಟ್ಟಿಗೆ ಎಂದರೆ ಮುಚ್ಚಳ ಮೇಲಿರಬೇಕವ್ವಾ, ಬಗ್ಗುವ ಕೆಲಸವಿಲ್ಲ" ಎಂದರು. ಬಗ್ಗುವುದು ನನಗೂ ಬೇಡ. ಆದರೆ ಮೇಲಿನಿಂದ ಇಳಿಯುವ ಕೈ ಮೊಲಕ್ಕೆ ಹದ್ದಿನ ಹಾಗೆಯೇ ಕಾಣುತ್ತದೆ. ಗೊಣಗುತ್ತಲೇ ಮುಂಬಾಗಿಲು ಮಾಡಿ ಎರಡು ಚಿಲಕ ಕೂರಿಸಿದರು. ಅರ್ಧ ಇಂಚಿನ ವೆಲ್ಡ್ ಮೆಶ್ ಜಾಳಿಗೆಯನ್ನು ಚೌಕಟ್ಟಿನ ಒಳಬದಿಗೆ ಹೊಡೆಸಿದೆ, ಮರ ಹಲ್ಲಿಗೆ ಸಿಗದಂತೆ. ಒಂದು ಗೇಣು ಎತ್ತರದ ಕಾಲುಗಳ ಕೆಳಗೆ, ಇರುವೆಗೆಂದು, ನೀರಿನ ಬಟ್ಟಲುಗಳು.

ಕರೆಂಟು ಹೋದ ಮಧ್ಯಾಹ್ನ, ನೀರು ಹೆಪ್ಪುಗಟ್ಟಿಸಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಡುತ್ತೇನೆ. ಮೇವನ್ನು ಮೊಲದ ಮನೆಯವರೇ ಕೊಟ್ಟುಹೋಗಬೇಕು. ಹೊಸ ಜಾಗದ ಜೊತೆ ಹೊಸ ಮೇವೂ ಆದರೆ ಹೊಟ್ಟೆ ಕೆಡುತ್ತದೆ. ದಿನವೂ ಹಿಕ್ಕೆ ನೋಡುತ್ತೇನೆ. ಅರ್ಧ ದಿನ ಮೊಲ ತಿನ್ನಲಿಲ್ಲ, ಹಿಕ್ಕೆ ಹಾಕಲಿಲ್ಲ ಎಂದರೆ ಮನೆಯವರಿಗೆ ಫೋನು ಮಾಡುವ ಮೊದಲು ಪಶುವೈದ್ಯರಿಗೆ ಮಾಡುತ್ತೇನೆ.

ಹ್ಯಾಮ್‌ಸ್ಟರ್ ತಂದವರನ್ನು ಮಾತ್ರ ಹಿಂದಕ್ಕೆ ಕಳಿಸುತ್ತೇನೆ. ಈ ಜಾಳಿಗೆಯಲ್ಲಿ ದೊಡ್ಡದು ನಿಂತೀತು, ಮರಿ ತೂರಿಕೊಂಡರೆ ಮಣ್ಣಿನ ಗೋಡೆಯಲ್ಲಿ ಹುಡುಕುವುದು ಎಲ್ಲಿ?