ಆಳದ ಪ್ಯಾನ್ ಹಾಕಿದರೆ ಪಿಕಪ್ಪೂ ಕೆಳಗಿಳಿಯಬೇಕು

ಕಾರು ಜೋರಾಗಿ ಮುನ್ನುಗ್ಗಿದಾಗ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನೊಳಗಿನ ಆಯಿಲು, ತಳದ ತಟ್ಟೆಯಾದ ಪ್ಯಾನಿನ ಹಿಂಬದಿಗೆ ಸರಿಯುತ್ತದೆ. ಫಿಲ್ಟರ್‌ನ ಬಾಯಿ ಬರಿದಾದರೆ ಪಂಪ್ ಗಾಳಿ ಎಳೆಯುತ್ತದೆ, ಪ್ರೆಷರ್ ಕುಸಿಯುತ್ತದೆ, ಕ್ಲಚ್ ಪ್ಲೇಟು ಜಾರಿ ಸುಡುತ್ತವೆ. ಆಳದ ಪ್ಯಾನ್ ಕೂರಿಸಿ ಫಿಲ್ಟರನ್ನು ಹಳೆಯ ಎತ್ತರದಲ್ಲೇ ಬಿಟ್ಟರೆ ಈ ತೊಂದರೆ ಹಾಗೇ ಉಳಿಯುತ್ತದೆ. ತಳದಲ್ಲಿರುವ ಹೆಚ್ಚುವರಿ ಆಯಿಲ್ ಪಂಪಿಗೆ ಸಿಗುವುದೇ ಇಲ್ಲ. ಪ್ಯಾನಿಗೆ ಹೊಂದುವ ಫಿಲ್ಟರ್ ಎಕ್ಸ್‌ಟೆನ್ಷನ್ ಅಥವಾ ಉದ್ದದ ಪಿಕಪ್ ಪೈಪ್ (ಪಂಪ್ ಆಯಿಲ್ ಎಳೆಯುವ ಪೈಪು) ಹಾಕಲೇಬೇಕು.

ಜನರಲ್ ಮೋಟರ್ಸ್‌ನ (ಜಿಎಂ) ಟಿಎಚ್400 ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನಲ್ಲಿ ಈ ಪೈಪು ಕೇಸಿಗೆ ಸೇರುವಲ್ಲಿ ಒಂದು ಓ-ರಿಂಗ್ (ರಬ್ಬರ್ ಬಳೆ) ಇದೆ. ಹಳೆಯದು ತೂತಿನಲ್ಲೇ ಅಂಟಿಕೊಂಡಿರಬಹುದು, ಬೆರಳಾಡಿಸಿ ನೋಡಿ. ಹೊಸದಕ್ಕೆ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಆಯಿಲ್) ಸವರಿ ನೇರವಾಗಿ ಒತ್ತಿ. ಅದರ ಅಂಚು ಕೊಂಚ ಹರಿದರೂ ಪಂಪ್ ಅಲ್ಲಿಂದಲೇ ಗಾಳಿ ಎಳೆಯುತ್ತದೆ.

ಫಿಲ್ಟರಿಗೂ ಪ್ಯಾನಿಗೂ ನಡುವಿನ ಅಂತರ ನೋಡಲು, ಫಿಲ್ಟರ್ ತಳಕ್ಕೆ ಮೆತ್ತನೆಯ ಜೇಡಿಮಣ್ಣಿನ ಉಂಡೆ ಅಂಟಿಸಿ, ಗ್ಯಾಸ್ಕೆಟ್ ಸಮೇತ ಪ್ಯಾನ್ ಬಿಗಿದು ಬಿಚ್ಚಿ. ಚಪ್ಪಟೆಯಾದ ಮಣ್ಣು 6ರಿಂದ 10 ಮಿ.ಮೀ. ದಪ್ಪವಿದ್ದರೆ ಸರಿ. ತೀರಾ ತೆಳುವಾಗಿದ್ದರೆ ಫಿಲ್ಟರ್ ಪ್ಯಾನಿನ ತಳಕ್ಕೆ ಕಚ್ಚಿಕೊಂಡು ಆಯಿಲ್ ದಾರಿ ಮುಚ್ಚುತ್ತದೆ. ಮಣ್ಣನ್ನು ಪೂರ್ತಿ ಒರೆಸಿ ತೆಗೆಯಿರಿ.

ಗ್ಯಾಸ್ಕೆಟ್ ಒಣಗಿರಲಿ, ಸಿಲಿಕೋನ್ ಬೇಡ. ಬೋಲ್ಟುಗಳನ್ನು ಎದುರುಬದುರಾಗಿ ಸುಮಾರು 16 ನ್ಯೂಟನ್-ಮೀಟರ್‌ಗೆ ಬಿಗಿಯಿರಿ.

ಮೊದಲು 4 ಲೀಟರ್ ಎಟಿಎಫ್ ಸುರಿದು ಎಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿಕೊಂಡೇ ಎಲ್ಲ ಗೇರಿಗೂ ಹಾಕಿ ತೆಗೆಯಿರಿ. ಆಯಿಲ್ ಬಿಸಿಯಾದ ಮೇಲೆ, ಪಾರ್ಕ್‌ನಲ್ಲಿ ಐಡಲ್ ಇರುವಾಗ ಡಿಪ್‌ಸ್ಟಿಕ್ ನೋಡುತ್ತಾ ಸ್ವಲ್ಪಸ್ವಲ್ಪವೇ ಸೇರಿಸಿ. ಗುರುತು ಮೀರಿದರೆ ತಿರುಗುವ ಭಾಗಗಳು ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತವೆ.