ಹೊತ್ತು ಮುಗಿದರೆ ಕೆಲಸ ಮುಗಿಯಿತು: ನಮ್ಮ ಮನೆಯ ವಸಂತದ ಶನಿವಾರ, ಭಾನುವಾರಗಳು

ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಮನೆಯಲ್ಲಿ ಅತ್ತೆ ಇದ್ದಾರೆ, ಹೈಸ್ಕೂಲಿಗೆ ಹೋಗುವ ಮಗಳು, ಪ್ರೈಮರಿಯಲ್ಲಿ ಓದುವ ಮಗ. ವಾರದ ದಿನಗಳಲ್ಲಿ ಐದೂ ಜನ ಒಟ್ಟಿಗೆ ಕೂತು ಮಾತಾಡುವುದೇ ಕಷ್ಟ. ಹಾಗಾಗಿ ಮನೆಗೆಲಸ, ದೇವರು, ಆಟ ಎಲ್ಲವೂ ಶನಿವಾರ ಭಾನುವಾರಕ್ಕೇ ಬಂದು ಬೀಳುತ್ತವೆ. ವಸಂತ ಬಂತೆಂದರೆ ಮೂರೂ ಇನ್ನೂ ಜಾಸ್ತಿ. ಚಳಿಗಾಲದ ಕಂಬಳಿ ಒಗೆದು ಎತ್ತಿಡಬೇಕು. ಮೂಲೆಮೂಲೆಯ ಧೂಳು ತೆಗೆಯಬೇಕು. ಹಬ್ಬ ಹತ್ತಿರ ಬಂದಿರುತ್ತದೆ. ಹೊರಗೆ ಹಿತವಾದ ಬಿಸಿಲು, ಮಕ್ಕಳ ಕಾಲು ಮನೆಯೊಳಗೆ ನಿಲ್ಲುವುದಿಲ್ಲ.

ಇದನ್ನೆಲ್ಲ ಹೇಗೆ ಹೊಂದಿಸುತ್ತೀರಿ ಎಂದು ಗೆಳತಿಯರು ಕೇಳುತ್ತಿರುತ್ತಾರೆ. ದೊಡ್ಡ ಟೈಮ್‌ಟೇಬಲ್ ಏನೂ ಇಲ್ಲ. ಒಂದೇ ಒಂದು ಕಟ್ಟು ಇದೆ. ಶನಿವಾರ ಬೆಳಿಗ್ಗೆ ಪ್ರಾರ್ಥನೆ ಆದ ಮೇಲೆ ಕೆಲಸ ಶುರು ಮಾಡುತ್ತೇವೆ, ಮಧ್ಯಾಹ್ನ 12 ಗಂಟೆಗೆ ನಿಲ್ಲಿಸುತ್ತೇವೆ. ಕಪಾಟು ಅರ್ಧ ಖಾಲಿಯಾಗಿದ್ದರೂ ಸರಿ, ಕಿಟಕಿ ಒಂದು ಕಡೆ ಮಾತ್ರ ಒರೆಸಿದ್ದರೂ ಸರಿ. ಬಕೆಟ್ ಚೆಲ್ಲಿ, ಬಟ್ಟೆ ಹಿಂಡಿ ಹಾಕಿ, ಕೈ ತೊಳೆದುಕೊಂಡು ಬಿಡುತ್ತೇವೆ. ಉಳಿದದ್ದು ಮುಂದಿನ ಶನಿವಾರಕ್ಕೆ.

ಈ ಕಟ್ಟಿನ ಬೇರು ಇರುವುದು ನಂಬಿಕೆಯಲ್ಲೇ. ಯೆಹೂದಿಗಳ ಸಬ್ಬತ್, ಅಂದರೆ ವಾರದ ವಿಶ್ರಾಂತಿಯ ದಿನ ನೋಡಿ. ಶುಕ್ರವಾರ ಸೂರ್ಯ ಮುಳುಗುವ ಹೊತ್ತಿಗೆ ಶುರುವಾಗಿ ಶನಿವಾರ ರಾತ್ರಿ ನಕ್ಷತ್ರ ಕಾಣುವ ತನಕ ಇರುತ್ತದೆ. ಕೆಲಸ ಮುಗಿದಿದೆಯೋ ಇಲ್ಲವೋ ಎಂದು ಅದು ಕೇಳುವುದಿಲ್ಲ, ಹೊತ್ತು ಬಂತು ಅಂದರೆ ಬಂತು. ಕ್ರೈಸ್ತರ ಭಾನುವಾರದ ವಿಶ್ರಾಂತಿಯ ಹಿಂದೆಯೂ ಇದೇ ಯೋಚನೆ ಇದೆ. ಐದು ಹೊತ್ತಿನ ನಮಾಜು, ಮೂರು ಹೊತ್ತಿನ ಸಂಧ್ಯಾವಂದನೆ ಕೂಡ ಕೆಲಸದ ನಡುವೆಯೇ ಎದ್ದು ಬರಲು ಹೇಳುತ್ತವೆ. ಎಲ್ಲ ಮುಗಿಸಿ ಆಮೇಲೆ ದೇವರು, ಆಮೇಲೆ ಮಕ್ಕಳು ಎಂದುಕೊಂಡರೆ ಆ 'ಆಮೇಲೆ' ಬರುವುದೇ ಇಲ್ಲ, ಅಲ್ವಾ? ಮನೆಗೆಲಸ ಮುಗಿಯುವ ಜಾತಿಯದ್ದಲ್ಲ. ಅರ್ಧಕ್ಕೆ ಬಿಟ್ಟು ಏಳುವುದಕ್ಕೆ ಒಂದು ಭರವಸೆ ಬೇಕು. ನಾನು ಒಂದು ಮಧ್ಯಾಹ್ನ ಕೈಬಿಟ್ಟರೆ ಲೋಕ ನಿಲ್ಲುವುದಿಲ್ಲ, ಅದನ್ನು ನೋಡಿಕೊಳ್ಳುವವನು ಬೇರೆ ಇದ್ದಾನೆ ಅನ್ನುವ ಭರವಸೆ. ನನ್ನ ಮಟ್ಟಿಗೆ ಆ 12 ಗಂಟೆಯೇ ವಾರದ ದೊಡ್ಡ ಪ್ರಾರ್ಥನೆ.

ಬೆಳಗಿನ ಪ್ರಾರ್ಥನೆ ಚಿಕ್ಕದು, ಹದಿನೈದು ನಿಮಿಷ ಹಿಡಿದರೆ ಹೆಚ್ಚು. ಅತ್ತೆ ಶುರು ಮಾಡುತ್ತಾರೆ. ಒಂದು ವಾರ ಮಗಳು ಓದುತ್ತಾಳೆ, ಒಂದು ವಾರ ಮಗ. ಏನು ಓದಬೇಕು ಎಂದು ಆರಿಸುವುದೂ ಅವರೇ. ಕೊನೆಗೆ ಪ್ರತಿಯೊಬ್ಬರೂ ಆ ವಾರ ಕಂಡ ಒಂದು ಒಳ್ಳೆಯದನ್ನು ಹೇಳಬೇಕು. 'ಎಲ್ಲ ಚೆನ್ನಾಗಿತ್ತು' ಅಂದರೆ ಅತ್ತೆ ಒಪ್ಪುವುದಿಲ್ಲ. "ಏನು ಚೆನ್ನಾಗಿತ್ತು ಅಂತ ಹೇಳು ಮಗಾ, ದೇವರಿಗೂ ಕೇಳೋಕೆ ಆಸೆ ಇರುತ್ತೆ" ಅನ್ನುತ್ತಾರೆ. ಆಗ ಬರುತ್ತವೆ ನಿಜವಾದ ಮಾತುಗಳು. ಬಸ್ಸಿನಲ್ಲಿ ಯಾರೋ ಜಾಗ ಬಿಟ್ಟುಕೊಟ್ಟರು, ಮಾತು ಬಿಟ್ಟಿದ್ದ ಗೆಳತಿ ತಾನಾಗೇ ಬಂದು ಮಾತಾಡಿಸಿದಳು. ಮಗಳ ಮನಸ್ಸಿನಲ್ಲಿ ಏನಿದೆ ಎಂದು ನನಗೆ ಎಷ್ಟೋ ಸಲ ಗೊತ್ತಾಗುವುದು ಈ ಹೊತ್ತಿನಲ್ಲೇ.

ಪ್ರಾರ್ಥನೆಗೆ ಕೂರುವ ಕೋಣೆಗೆ ಪೂರ್ವದ ಕಿಟಕಿ ಇದೆ. ಎದುರು ಗೋಡೆಯ ಮೇಲೆ ಬಿಸಿಲಿನ ಚೌಕ ಬೀಳುತ್ತದೆ. ಪ್ರತಿ ಶನಿವಾರ ಅದೇ ಗಂಟೆಗೆ ಮಗ ಆ ಚೌಕದ ಅಂಚಿಗೆ ಸೀಮೆಸುಣ್ಣದಿಂದ ಗೆರೆ ಎಳೆದು ತಾರೀಖು ಬರೆಯುತ್ತಾನೆ. ಮಾರ್ಚ್ 20 ಅಥವಾ 21ಕ್ಕೆ ಹಗಲು ರಾತ್ರಿ ಹೆಚ್ಚುಕಡಿಮೆ ಸಮ. ಸೂರ್ಯ ಹುಟ್ಟುವ ಜಾಗ ಉತ್ತರಕ್ಕೆ ಅತಿ ವೇಗವಾಗಿ ಸರಿಯುವುದು ಈ ದಿನಗಳ ಸುತ್ತಲೇ. ಅದಕ್ಕೇ ಗೋಡೆಯ ಚೌಕ ವಾರದಿಂದ ವಾರಕ್ಕೆ ದಕ್ಷಿಣಕ್ಕೆ ಸರಿದಿರುವುದು ಚೆನ್ನಾಗಿ ಕಾಣುತ್ತದೆ. ಭೂಮಧ್ಯರೇಖೆಯ ಆಚೆ, ದಕ್ಷಿಣದ ದೇಶಗಳಲ್ಲಿ ವಸಂತ ಬರುವುದು ಸೆಪ್ಟೆಂಬರಿನಲ್ಲಿ, ಅಲ್ಲಿಯ ವಸಂತದಲ್ಲಿ ಚೌಕ ದಕ್ಷಿಣಕ್ಕಲ್ಲ, ಉತ್ತರಕ್ಕೆ ಸರಿಯುತ್ತದೆ ಎಂದು ಮಗಳು ತಮ್ಮನಿಗೆ ಹೇಳಿಕೊಟ್ಟಳು. ಖರ್ಚಿಲ್ಲದ ಆಟ ಇದು. ಅದರಲ್ಲಿ ಓದೂ ಇದೆ, ಭಕ್ತಿಯೂ ಇದೆ.

ಕೆಲಸದ ವಿಷಯಕ್ಕೆ ಬರುತ್ತೇನೆ. ಒಂದು ಶನಿವಾರಕ್ಕೆ ಮನೆಯ ಒಂದೇ ಜಾಗ. ಇಡೀ ಮನೆಗೆ ಒಂದೇ ದಿನ ಕೈ ಹಾಕುವುದು ನನಗೆ ಇಷ್ಟವಿಲ್ಲ. ಅದರಿಂದ ಸಂಜೆಗೆ ಎಲ್ಲರಿಗೂ ಸಿಡುಕು, ಮಕ್ಕಳಿಗೆ ಮನೆಗೆಲಸ ಅಂದರೆ ಬೈಗುಳ ಎಂದೇ ನೆನಪು ಉಳಿಯುತ್ತದೆ. ಯಾವ ಜಾಗ ಎಂದು ಶುಕ್ರವಾರ ರಾತ್ರಿ ಚೀಟಿ ಎತ್ತುತ್ತೇವೆ. ಎತ್ತುವವನು ಮಗ.

ಕೆಲಸ ಮೇಲಿನಿಂದ ಕೆಳಕ್ಕೆ. ಮೊದಲು ಫ್ಯಾನು, ಆಮೇಲೆ ಶೆಲ್ಫು, ನೆಲ ಕೊನೆಗೆ. ಫ್ಯಾನಿನ ರೆಕ್ಕೆಗೆ ಹಳೆಯ ದಿಂಬಿನ ಕವರ್ ತೊಡಿಸಿ, ಎರಡೂ ಕಡೆ ಒತ್ತಿ ಹಿಡಿದು ಹೊರಗೆ ಎಳೆದರೆ ಧೂಳು ಕವರಿನೊಳಗೇ ಉಳಿಯುತ್ತದೆ, ತಲೆ ಮೇಲೆ ಉದುರುವುದಿಲ್ಲ. ಮೇನ್ ಸ್ವಿಚ್ ಆಫ್ ಮಾಡಿ ಏಣಿ ಹತ್ತುವುದು ನಮ್ಮ ಮನೆಯವರು ಮಾತ್ರ. ಗೋಡೆಗೆ ಒರಗಿಸುವ ಏಣಿಯಾದರೆ ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಬುಡವನ್ನು ಗೋಡೆಯಿಂದ ದೂರ ಇಡಬೇಕು, ಕೆಳಗೆ ಒಬ್ಬರು ಹಿಡಿದಿರಬೇಕು. ಕಿಟಕಿಯ ಗಾಜು ನೇರ ಬಿಸಿಲು ಬೀಳುವಾಗ ಒರೆಸಬಾರದು. ನೀರು ಬೇಗ ಆರಿ ಗೆರೆಗಳು ಉಳಿಯುತ್ತವೆ. ನೆರಳಿರುವ ಕಡೆಯಿಂದ ಶುರು ಮಾಡಿದರೆ ಶ್ರಮ ಅರ್ಧ.

ಒಂದು ಮಾತನ್ನು ಮಾತ್ರ ದೊಡ್ಡ ಅಕ್ಷರದಲ್ಲಿ ಬರೆದು ಬಚ್ಚಲುಮನೆಯ ಬಾಗಿಲಿಗೆ ಅಂಟಿಸಿದ್ದೇನೆ. ಬ್ಲೀಚಿನ ಜೊತೆ ಆಸಿಡ್, ವಿನೆಗರ್, ಅಮೋನಿಯಾ ಇರುವ ಯಾವುದನ್ನೂ ಬೆರೆಸಬಾರದು. ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅಮೋನಿಯಾ ಸೇರಿದರೆ ಕ್ಲೋರಮೀನ್. ಮುಚ್ಚಿದ ಬಚ್ಚಲುಮನೆಯಲ್ಲಿ ಎರಡೂ ಉಸಿರಾಟಕ್ಕೆ ಅಪಾಯ. ಎರಡು ಬಾಟಲಿ ಸೇರಿಸಿದರೆ ಇನ್ನೂ ಬೆಳ್ಳಗಾಗುತ್ತೆ ಎಂದು ನಂಬಿದವರು ಇವತ್ತಿಗೂ ಇದ್ದಾರೆ, ಅದಕ್ಕೇ ಇಷ್ಟು ಒತ್ತಿ ಹೇಳುವುದು.

ಮಗನಿಗೆ ಧೂಳು ಆಗುವುದಿಲ್ಲ, ಸೀನು ಹತ್ತುತ್ತದೆ. ಹಾಸಿಗೆ ಹೊದಿಕೆಯ ಶನಿವಾರ ಅವನಿಗಾಗಿಯೇ ಇದೆ ಅನ್ನಬೇಕು. ಧೂಳಿನ ನುಸಿಗಳು, ಅಂದರೆ ಹಾಸಿಗೆಯಲ್ಲಿ ಸೇರುವ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು, ಸಾಯಬೇಕಾದರೆ ಹೊದಿಕೆ, ದಿಂಬಿನ ಕವರುಗಳನ್ನು 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆಯಬೇಕು. ಬಿಸಿನೀರು ತಡೆಯದ ಬಟ್ಟೆಯ ಗೊಂಬೆಗಳನ್ನು ಕವರಿಗೆ ಹಾಕಿ ಒಂದು ದಿನ ಪೂರ್ತಿ ಫ್ರೀಜರಿನಲ್ಲಿಟ್ಟು, ಆಮೇಲೆ ತಣ್ಣೀರಿನಲ್ಲಿ ಒಗೆಯುತ್ತೇವೆ. ಒಗೆಯುವುದನ್ನು ಬಿಡಬಾರದು. ಅಲರ್ಜಿ ಬರುವುದು ನುಸಿಯ ಹಿಕ್ಕೆಯಿಂದ, ಅದು ಚಳಿಗೆ ಹೋಗುವುದಿಲ್ಲ.

ನನಗೆ ತುಂಬ ಇಷ್ಟವಾದದ್ದು ಬಟ್ಟೆಯ ಕಪಾಟಿನ ಶನಿವಾರ. ಮಕ್ಕಳಿಗೆ ಚಿಕ್ಕದಾದ ಬಟ್ಟೆ, ನಮಗೆ ಬೇಡವಾದ ಬಟ್ಟೆ ಎಲ್ಲ ಹೊರಗೆ ಬರುತ್ತವೆ. ಅತ್ತೆಯದು ಒಂದು ಕಟ್ಟಪ್ಪಣೆ ಇದೆ. "ನೀನು ಹಾಕ್ಕೊಂಡು ಹೊರಗೆ ಹೋಗೋ ಹಾಗಿದ್ರೆ ಮಾತ್ರ ಇನ್ನೊಬ್ಬರಿಗೆ ಕೊಡು." ಹರಿದದ್ದು ಒರೆಸುವ ಬಟ್ಟೆಯ ಗುಡ್ಡೆಗೆ. ಕೊಡುವ ಬಟ್ಟೆಯನ್ನು ಒಗೆದು, ಇಸ್ತ್ರಿ ಮಾಡಿ, ಬಿಟ್ಟ ಹೊಲಿಗೆ ಹಾಕಿ, ಗುಂಡಿ ಹೊಲಿದು ಕೊಡುತ್ತೇವೆ. ದಾನ ಅಂದರೆ ಏನು ಎಂದು ನಾನು ಮಕ್ಕಳಿಗೆ ಪಾಠ ಮಾಡಲು ಹೋಗಿಲ್ಲ. ಅವರು ಕಲಿತದ್ದು ಗುಂಡಿ ಹೊಲಿಯುತ್ತಾ.

ಗುಂಡಿ ಹೊಲಿಯಲು ಮಗನಿಗೂ ಬರುತ್ತದೆ. ದಾರವನ್ನು ಎರಡು ಎಳೆ ಮಾಡಿ ತುದಿಗೆ ಗಂಟು ಹಾಕುತ್ತಾನೆ. ಗುಂಡಿಯ ಮೇಲೆ ಒಂದು ಬೆಂಕಿಕಡ್ಡಿ ಅಡ್ಡ ಇಟ್ಟು, ಅದರ ಮೇಲಿಂದಲೇ ದಾರ ಬರುವ ಹಾಗೆ ತೂತಿನಿಂದ ತೂತಿಗೆ ಸೂಜಿ ಹಾಕುತ್ತಾನೆ. ನಾಲ್ಕೈದು ಸುತ್ತು ಆದ ಮೇಲೆ ಕಡ್ಡಿ ಎಳೆದು ತೆಗೆದು ಗುಂಡಿಯನ್ನು ಮೇಲಕ್ಕೆ ಎತ್ತಿದರೆ ಬಟ್ಟೆಗೂ ಗುಂಡಿಗೂ ನಡುವೆ ಸ್ವಲ್ಪ ಸಡಿಲ ದಾರ ಉಳಿಯುತ್ತದೆ. ಆ ದಾರಕ್ಕೆ ಸೂಜಿಯ ದಾರವನ್ನು ಬಿಗಿಯಾಗಿ ಸುತ್ತಿ ಹಿಂದೆ ಗಂಟು ಹಾಕಬೇಕು. ಆಗ ಗುಂಡಿಗೆ ಒಂದು ಪುಟ್ಟ ಕಾಲು ಬಂದ ಹಾಗಾಗುತ್ತದೆ, ದಪ್ಪ ಬಟ್ಟೆಯ ಕಾಜಾದಲ್ಲೂ ಎಳೆದು ಹಿಡಿಯುವುದಿಲ್ಲ. ಅವನು ನಾಲಿಗೆ ಕಚ್ಚಿಕೊಂಡು ಸೂಜಿ ಹಾಕುವುದನ್ನು ನೋಡುವುದೇ ಚೆಂದ. "ಅಮ್ಮಾ, ಇದನ್ನ ಹಾಕ್ಕೊಳ್ಳೋ ಹುಡುಗನಿಗೆ ಗುಂಡಿ ಬಿಚ್ಚಿ ಹೋಗ್ಬಾರ್ದು ಅಲ್ವಾ" ಎಂದು ಎರಡು ಸಲ ಗಂಟು ಹಾಕುತ್ತಾನೆ. ಕಾಣದ ಹುಡುಗನ ಬಗ್ಗೆ ಅವನಿಗಿರುವ ಈ ಕಾಳಜಿ ನನಗೆ ಯಾವ ಪ್ರವಚನಕ್ಕಿಂತಲೂ ದೊಡ್ಡದು.

ಔಷಧಿ ಡಬ್ಬಿ ನೋಡಿ ತಾರೀಖು ಮುಗಿದದ್ದನ್ನು ತೆಗೆಯುವುದು, ಹಾಸಿಗೆಯ ತಲೆ ಕಡೆಯನ್ನು ಕಾಲು ಕಡೆಗೆ ತಿರುಗಿಸುವುದು, ಪುಸ್ತಕ ಕೊಡವುವುದು, ಇವೆಲ್ಲ ನಡುವೆ ನಡೆದುಹೋಗುತ್ತವೆ. ಜಾಸ್ತಿ ಹೇಳುವಂಥದ್ದೇನಿಲ್ಲ.

12 ಗಂಟೆಯ ನಂತರದ ಹೊತ್ತು ಮಕ್ಕಳದು. ಇದನ್ನೂ ಕೆಲಸದಷ್ಟೇ ಗಟ್ಟಿಯಾಗಿ ಕಾಯುತ್ತೇವೆ. ಊಟ, ಸ್ವಲ್ಪ ವಿಶ್ರಾಂತಿ, ಬಿಸಿಲು ಇಳಿದ ಮೇಲೆ ಸೈಕಲ್ಲು. ವಸಂತದ ಮೊದಲ ಶನಿವಾರಗಳಲ್ಲಿ ಸೈಕಲ್ ಸಜ್ಜು ಮಾಡುವುದೇ ಒಂದು ಆಟ. ಇದರ ಮುಖ್ಯಸ್ಥೆ ಮಗಳು. ಟೈರಿಗೆ ಎಷ್ಟು ಗಾಳಿ ಬೇಕು ಎಂದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ, ಅದನ್ನು ಓದಿ ಗಾಳಿ ಹೊಡೆಯುತ್ತಾಳೆ. ಬ್ರೇಕ್ ಒತ್ತಿ ಚಕ್ರ ನಿಲ್ಲುತ್ತದೆಯೇ, ರಬ್ಬರಿನ ಗೆರೆಗಳು ಸವೆದುಹೋಗಿವೆಯೇ ನೋಡುತ್ತಾಳೆ. ಆಮೇಲೆ ಚೈನು. ಹಳೆ ಬಟ್ಟೆಯಲ್ಲಿ ಚೈನನ್ನು ಹಿಡಿದು ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ಹೋದರೆ ಕಪ್ಪು ಜಿಡ್ಡೆಲ್ಲ ಬಟ್ಟೆಗೆ ಬರುತ್ತದೆ. ಪ್ರತಿ ಕೊಂಡಿಗೂ ಒಂದೊಂದು ಹನಿ ಎಣ್ಣೆ, ಸ್ವಲ್ಪ ಹೊತ್ತು ಬಿಟ್ಟು ಮೇಲಿನ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯುವುದು. ಒರೆಸದೆ ಬಿಟ್ಟರೆ ಆ ಎಣ್ಣೆಗೇ ಧೂಳು ಹತ್ತಿ ಚೈನು ಬೇಗ ಸವೆಯುತ್ತದೆ. ಅಪ್ಪ ಮಗಳು ಇಬ್ಬರೂ ನೆಲದ ಮೇಲೆ ಕೂತು ಇದನ್ನು ಮಾಡುವಾಗ ನಾನು ಹತ್ತಿರ ಹೋಗುವುದಿಲ್ಲ. ಹದಿಹರೆಯದ ಮಗಳು ಅಪ್ಪನ ಜೊತೆ ಮುಖಕ್ಕೆ ಮುಖ ಕೊಟ್ಟು ಮಾತಾಡುವುದು ಕಡಿಮೆ. ಕೈಯಲ್ಲಿ ಕೆಲಸ ಇದ್ದರೆ, ಕಣ್ಣು ಚೈನಿನ ಮೇಲಿದ್ದರೆ, ಮಾತು ತಾನಾಗಿ ಬರುತ್ತದೆ.

ಭಾನುವಾರ ಬೆಳಿಗ್ಗೆ ಎಲ್ಲರೂ ದೇವರ ಸನ್ನಿಧಿಗೆ ಹೋಗಿಬರುತ್ತೇವೆ. ಹಬ್ಬದ ಮುಂಚಿನ ವಾರಗಳಲ್ಲಿ ಅಲ್ಲೂ ಗುಡಿಸುವುದು, ತೊಳೆಯುವುದು ಇರುತ್ತದೆ. ಯಾರು ಬೇಕಾದರೂ ಕೈ ಜೋಡಿಸಬಹುದು. ವಸಂತದ ಹಬ್ಬಕ್ಕೆ ಮುಂಚೆ ಶುಚಿ ಮಾಡುವುದು ನಮ್ಮಲ್ಲಿ ಮಾತ್ರವೇ ಅಲ್ಲ. ಪಾರ್ಸಿ, ಇರಾನಿ ಜನ ಹಗಲು ರಾತ್ರಿ ಸಮವಾಗುವ ವಸಂತ ವಿಷುವದ ಹೊಸ ವರ್ಷದ ಹಬ್ಬ ನೌರೂಜಿಗೆ ಮನೆಯನ್ನು ಬುಡಮಟ್ಟ ತೊಳೆಯುತ್ತಾರೆ, ಯೆಹೂದಿಗಳು ಪಾಸ್ಕ ಹಬ್ಬಕ್ಕೆ ಮುಂಚೆ ಮೂಲೆಮೂಲೆ ಹುಡುಕಿ ಶುಚಿ ಮಾಡುತ್ತಾರೆ. ಮನೆಯನ್ನು ಅಣಿ ಮಾಡುವುದು, ಮನಸ್ಸನ್ನು ಅಣಿ ಮಾಡುವುದು ಎರಡೂ ಒಂದೇ ಎಂದು ಎಷ್ಟೊಂದು ಕಡೆ ಹಿರಿಯರಿಗೆ ಹೊಳೆದಿದೆ ನೋಡಿ!

ಭಾನುವಾರ ಮಧ್ಯಾಹ್ನಕ್ಕೆ ಏನನ್ನೂ ಗೊತ್ತು ಮಾಡುವುದಿಲ್ಲ. ಒಮ್ಮೊಮ್ಮೆ ಚೆಂಡಾಟ, ಒಮ್ಮೊಮ್ಮೆ ಸುಮ್ನೆ ನಡಿಗೆ. ಕುಂಡಗಳಲ್ಲಿ ಸೂರ್ಯಕಾಂತಿ ಬೀಜ ಊರುವುದೂ ಇದೇ ಹೊತ್ತಿನಲ್ಲಿ. ಎರಡೂವರೆ ಸೆಂಟಿಮೀಟರ್ ಆಳಕ್ಕೆ ಒತ್ತಿದರೆ ಒಂದು ವಾರ, ಹತ್ತು ದಿನದಲ್ಲಿ ಮೊಳಕೆ ಕಾಣುತ್ತದೆ. ಮುಂದಿನ ಭಾನುವಾರ ನೋಡಲು ಏನಾದರೂ ಇದೆ ಎಂದರೆ ಮಕ್ಕಳಿಗೆ ವಾರ ಬೇಗ ಸಾಗುತ್ತದೆ.

ಮಗಳು ಈಗೀಗ ಕೆಲವು ಶನಿವಾರ ಗೆಳತಿಯರ ಜೊತೆ ಹೋಗಬೇಕು ಅನ್ನುತ್ತಾಳೆ. ಹೋಗಲಿ, ಅದು ಅವಳ ವಯಸ್ಸು. ನಾವು ಕೇಳಿಕೊಂಡದ್ದು ಇಷ್ಟೇ. ಬೆಳಗಿನ ಪ್ರಾರ್ಥನೆಗೆ ಇರು, ಗಂಟೆಯ ಲೆಕ್ಕದಲ್ಲಿ ಒಂದು ಪಾಲು ಕೆಲಸ ಮಾಡು, ಆಮೇಲೆ ಹೋಗು. ಪ್ರಾರ್ಥನೆಯಲ್ಲಿ ಮಾತಾಡಬೇಕು ಎಂಬ ಒತ್ತಾಯ ಅವಳಿಗಿಲ್ಲ, ಸುಮ್ಮನೆ ಕೂತಿದ್ದರೂ ಆಯಿತು. ದೇವರ ವಿಷಯದಲ್ಲಿ ಬಲವಂತ ಮಾಡಿದರೆ ಉಳಿಯುವುದು ಬಲವಂತದ ನೆನಪು ಮಾತ್ರ ಎಂದು ನನ್ನ ಗಟ್ಟಿ ನಂಬಿಕೆ. ಅತ್ತೆಗೆ ಮೊದಲು ಇದು ಒಪ್ಪಿಗೆ ಇರಲಿಲ್ಲ. ಈಗ ಅವಳು ಕೂತರೆ ಸಾಕು ಎಂದು ಅವರೇ ಪಕ್ಕದ ಚಾಪೆ ಹಾಸಿಟ್ಟಿರುತ್ತಾರೆ.

ಯಾರಿಗಾದರೂ ಜ್ವರ ಬಂದರೆ, ನೆಂಟರು ಬಂದರೆ, ಆಫೀಸಿನ ಕೆಲಸ ಶನಿವಾರಕ್ಕೂ ಚಾಚಿಕೊಂಡರೆ ನಾವು ಮೊದಲು ಬಿಡುವುದು ಕಪಾಟು, ಕಿಟಕಿಗಳನ್ನು. ಪ್ರಾರ್ಥನೆ ಐದು ನಿಮಿಷಕ್ಕೆ ಇಳಿಯುತ್ತದೆ, ಸೈಕಲ್ ಸುತ್ತು ಬೀದಿ ಕೊನೆಯ ತನಕದ ನಡಿಗೆಯಾಗುತ್ತದೆ, ಆದರೆ ಎರಡೂ ಇರುತ್ತವೆ. ಎತ್ತಿದ ಚೀಟಿಯನ್ನು ಮಗ ಮಡಚಿ ಮತ್ತೆ ಡಬ್ಬಿಗೆ ಹಾಕುತ್ತಾನೆ.